ಕ್ರೋನ್ಸ್ ಜೋರಾದಾಗ ಪ್ರೋಟೀನ್ ಬಿಡಬೇಕಾ? ಅನುಭವ ಇದ್ದವರು ಹೇಳಿ

ತಮ್ಮನಿಗೆ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಮತ್ತೆ ಜೋರಾಗಿದೆ. ಎರಡು ತಿಂಗಳಲ್ಲಿ 6 ಕೆಜಿ ಇಳಿದು ಈಗ 50 ಕೆಜಿ ಇದ್ದಾನೆ. ಮೊಟ್ಟೆ, ಬೇಳೆ, ಮಾಂಸ ಕರುಳಿಗೆ ಭಾರ ಅಂತ ಎಲ್ಲ ಬಿಟ್ಟು ಬರೀ ಮೆತ್ತಗಿನ ಅನ್ನ ತಿನ್ನುತ್ತಿದ್ದಾನೆ. ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಕೂಡ ಕಮ್ಮಿ ಬಂದಿದೆ. ಅಕ್ಕನಾಗಿ ನಾನೇನು ಮಾಡಲಿ?

ಮೊದಲ ಉತ್ತರ

ಅಕ್ಕಾ, ನನಗೆ ಕ್ರೋನ್ಸ್ ಬಂದು 9 ವರ್ಷ ಆಯ್ತು. ಮೊದಲ ಸಲ ಜೋರಾದಾಗ ನಾನೂ ಹೀಗೇ ಎಲ್ಲ ಬಿಟ್ಟಿದ್ದೆ. ಹೊಟ್ಟೆನೋವು ಸ್ವಲ್ಪ ತಗ್ಗಿತು, ನಿಜ. ಆದರೆ ತಿಂಗಳೊಳಗೆ ಗೋಡೆ ಹಿಡಿದು ಮೆಟ್ಟಿಲು ಹತ್ತುವ ಹಾಗಾಯಿತು. ತೊಡೆ ಸೊರಗಿಹೋಗಿತ್ತು.

ಉರಿಯೂತ ಇರುವಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಬಳಸಿಕೊಳ್ಳುತ್ತದೆ. ಹುಣ್ಣಾದ ಕರುಳಿನಿಂದ ಪ್ರೋಟೀನ್ ಸೋರಿಯೂ ಹೋಗುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರಂತೂ ಸ್ನಾಯು ಇನ್ನೂ ಬೇಗ ಇಳಿಯುತ್ತದೆ. ಹಾಗಾಗಿ ಅವನಿಗೆ ಈಗ ಪ್ರೋಟೀನ್ ಜಾಸ್ತಿಯೇ ಬೇಕು. ನನ್ನ ಡಯಟಿಷಿಯನ್ ಹೇಳಿದ ಲೆಕ್ಕ ಇದು: ಕಾಯಿಲೆ ಜೋರಿದ್ದಾಗ ದಿನಕ್ಕೆ ಒಂದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ, ಹತೋಟಿಗೆ ಬಂದ ಮೇಲೆ ಸುಮಾರು 1 ಗ್ರಾಂ. ನಿಮ್ಮ ತಮ್ಮನಿಗೆ 60ರಿಂದ 75 ಗ್ರಾಂ ಆಯ್ತು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಅಷ್ಟೇ, ಅಲ್ವಾ? ಎರಡು ಹೊತ್ತಿನ ಊಟದಲ್ಲಿ ಅಷ್ಟನ್ನೂ ಮುಗಿಸಲು ನನಗೆ ಆಗಲಿಲ್ಲ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ ತಿಂದೆ. ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ, ಎಲ್ಲ ಮೆತ್ತಗೆ ಬೇಯಿಸಿ, ಎಣ್ಣೆ ಕಮ್ಮಿ ಹಾಕಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಬೇರೆ, ಮೊದಲು ಕೇಳಿಕೊಳ್ಳಿ.

ಎರಡನೇ ಉತ್ತರ

ತಮ್ಮ ಇನ್ನೂ ಚಿಕ್ಕವನಾ? ನನ್ನ ಮಗಳಿಗೆ 13 ವರ್ಷವಿದ್ದಾಗ 8 ವಾರ ಬೇರೆ ಊಟವೇ ಇಲ್ಲದೆ ಪೋಷಕಾಂಶ ತುಂಬಿದ ದ್ರವ ಆಹಾರ ಕೊಟ್ಟರು. ಕ್ರೋನ್ಸ್ ಇರುವ ಮಕ್ಕಳಿಗೆ ಅದೂ ಒಂದು ಚಿಕಿತ್ಸೆಯೇ. ಅಮೈನೋ ಆಮ್ಲಗಳಾಗಿ ಒಡೆದ ಪುಡಿಯೇ ಬೇಕಾ ಅಂತ ಕೇಳಿದ್ದೆ. ಒಡೆಯದ ಪ್ರೋಟೀನ್ ಇರುವುದೂ ಅಷ್ಟೇ ಕೆಲಸ ಮಾಡುತ್ತದೆ ಅಂದರು. ರುಚಿಯೂ ಅದರದೇ ವಾಸಿ. ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬೇಡಿ.

ಮೂರನೇ ಉತ್ತರ

ಆಲ್ಬುಮಿನ್ ನೋಡಿ ಗಾಬರಿಯಾಗಿ ಸುಮ್ನೆ ತಿನ್ನಿಸುತ್ತಾ ಹೋಗಬೇಡಿ. ಉರಿಯೂತ ಇದ್ದರೆ ಚೆನ್ನಾಗಿ ತಿಂದರೂ ಅದು ಇಳಿಯುತ್ತದೆ. ನನಗೆ ಔಷಧಿ ಹಿಡಿದ ಮೇಲೆಯೇ ಏರಿದ್ದು.

ಇನ್ನೊಂದು ಮಾತು. ಕರುಳು ಎಲ್ಲಾದರೂ ಕಿರಿದಾಗಿದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಆಗಿದ್ದರೆ ಸಿಪ್ಪೆಯ ಕಾಳು, ನಾರುನಾರಾದ ಮಾಂಸ ಬೇಡ. ನನಗೆ ಕಾಳು ಅಲ್ಲೇ ಸಿಕ್ಕಿಕೊಂಡು ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಪ್ರೋಟೀನ್ ಪುಡಿ ಕುಡಿದು ಹೊಟ್ಟೆ ಉಬ್ಬಿದರೆ ಅದರಲ್ಲಿರುವ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಾರಣ ಇರಬಹುದು, ಲ್ಯಾಕ್ಟೋಸ್ ಇಲ್ಲದ್ದು ನೋಡಿ. ಎರಡು ತಿಂಗಳಿಗೆ 6 ಕೆಜಿ ಅಂದರೆ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ. ಮುಂದಿನ ಭೇಟಿಯವರೆಗೆ ಕಾಯದೆ ಇದನ್ನು ಈ ವಾರವೇ ವೈದ್ಯರಿಗೆ ತಿಳಿಸಿ.