ಪೆಟ್-ಸಿಟಿಯಲ್ಲಿ ಕರುಳಿನ ಒಂದೇ ಜಾಗ ಹೊಳೆದರೆ ಕೊಲೊನೊಸ್ಕೋಪಿ ಬೇಕೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮ ತಾಯಿಯವರಿಗೆ 61 ವರ್ಷ. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಮಾಡಿಸಿದ ಪೆಟ್-ಸಿಟಿ ಸ್ಕ್ಯಾನಿನಲ್ಲಿ ಹಳೆಯ ಕಾಯಿಲೆಯ ಸುಳಿವಿಲ್ಲ. ಆದರೆ ದೊಡ್ಡ ಕರುಳಿನ ಸಿಗ್ಮಾಯ್ಡ್ ಭಾಗದಲ್ಲಿ ಒಂದೇ ಕಡೆ ಎಫ್‌ಡಿಜಿ ಹೆಚ್ಚಾಗಿ ಸೇರಿದೆ, ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿ ಎಂದು ವರದಿಯಲ್ಲಿದೆ. ಅವರಿಗೆ ಹೊಟ್ಟೆಯ ತೊಂದರೆ ಏನೂ ಇಲ್ಲ. ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್‌ನಿಂದಲೇ ಹೀಗಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಮಾತ್ರೆ ನಿಲ್ಲಿಸಿ ಸ್ಕ್ಯಾನನ್ನೇ ಮತ್ತೊಮ್ಮೆ ಮಾಡಿಸಬಹುದೇ?

ಉತ್ತರ (ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು): ನಮಸ್ಕಾರ. ಎಫ್‌ಡಿಜಿ ಎಂಬುದು ಪೆಟ್-ಸಿಟಿ ಸ್ಕ್ಯಾನಿಗೆ ಮೊದಲು ರಕ್ತನಾಳಕ್ಕೆ ಕೊಡುವ, ಗ್ಲೂಕೋಸನ್ನು ಹೋಲುವ ವಿಕಿರಣಶೀಲ ವಸ್ತು. ಗ್ಲೂಕೋಸನ್ನು ಹೆಚ್ಚು ಬಳಸುವ ಜೀವಕೋಶಗಳಲ್ಲಿ ಅದು ಸೇರಿಕೊಂಡು ಸ್ಕ್ಯಾನಿನಲ್ಲಿ ಹೊಳೆಯುತ್ತದೆ, ಆ ಜೀವಕೋಶಗಳು ಕ್ಯಾನ್ಸರಿನವೇ ಆಗಿರಬೇಕೆಂದಿಲ್ಲ. ಮೆಟ್‌ಫಾರ್ಮಿನ್ ಕರುಳಿನಲ್ಲಿ ಎಫ್‌ಡಿಜಿಯನ್ನು ಹೆಚ್ಚಿಸುವುದು ನಿಜ. ಆದರೆ ಆ ಹೆಚ್ಚಳ ಸಾಮಾನ್ಯವಾಗಿ ಕರುಳಿನ ಉದ್ದಕ್ಕೂ ಹರಡಿರುತ್ತದೆ. ಒಂದೇ ಜಾಗದಲ್ಲಿ ಗಂಟಿನಂತೆ ಕಂಡದ್ದನ್ನು ಮಾತ್ರೆಯ ಮೇಲೆ ಹಾಕಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಅಂಥ ಜಾಗವನ್ನು ಕೊಲೊನೊಸ್ಕೋಪಿಯಲ್ಲಿ ನೋಡಿದಾಗ ಅಡಿನೋಮಾ ಎಂಬ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಗಂಟು) ಸಿಗುವುದು ಅಪರೂಪವಲ್ಲ, ಕೆಲವೊಮ್ಮೆ ಆರಂಭದ ಹಂತದ ಕ್ಯಾನ್ಸರೂ ಸಿಗುತ್ತದೆ. ಡೈವರ್ಟಿಕ್ಯುಲಮ್‌ನ (ಕರುಳಿನ ಗೋಡೆಯಲ್ಲಿ ಮೂಡುವ ಸಣ್ಣ ಚೀಲದ) ಉರಿಯೂತವೂ ಕಾರಣವಾಗಿರಬಹುದು, ಏನೂ ಸಿಗದೆಯೂ ಇರಬಹುದು. ವರದಿಯಲ್ಲಿರುವ ಎಸ್‌ಯುವಿ (ಎಫ್‌ಡಿಜಿ ಎಷ್ಟು ಸೇರಿದೆ ಎಂಬ ಅಳತೆ) ಸಂಖ್ಯೆಯೊಂದನ್ನೇ ಹಿಡಿದು ಇವುಗಳಲ್ಲಿ ಯಾವುದೆಂದು ನಿರ್ಧರಿಸಲಾಗದು. ಹೊಟ್ಟೆನೋವು, ರಕ್ತಸ್ರಾವ ಇಲ್ಲದಿರುವುದೂ ಧೈರ್ಯಕ್ಕೆ ಆಧಾರವಲ್ಲ, ಏಕೆಂದರೆ ಬಹುತೇಕ ಪಾಲಿಪ್‌ಗಳು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ.

ಸ್ಕ್ಯಾನ್ ಮತ್ತೆ ಮಾಡಿಸಿದರೆ ಖರ್ಚೂ ವಿಕಿರಣವೂ ಹೆಚ್ಚುತ್ತವೆ, ಅದೇ ಜಾಗ ಮತ್ತೆ ಕಂಡರೆ ಕೊಲೊನೊಸ್ಕೋಪಿ ತಪ್ಪುವುದೂ ಇಲ್ಲ. ಕೊಲೊನೊಸ್ಕೋಪಿಯಲ್ಲಾದರೆ ಆ ಜಾಗವನ್ನು ಕಣ್ಣಾರೆ ನೋಡಿ, ಪಾಲಿಪ್ ಇದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಆಗಲೇ ತೆಗೆದು ಬಯಾಪ್ಸಿಗೆ ಕಳುಹಿಸಬಹುದು. ಆದ್ದರಿಂದ ಅವರ ಕ್ಯಾನ್ಸರ್ ವೈದ್ಯರೊಂದಿಗೆ ಮಾತನಾಡಿ ಅದನ್ನೇ ಮಾಡಿಸಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ಕೊಲೊನೊಸ್ಕೋಪಿಯಲ್ಲಿ ಏನೂ ಕಾಣದಿದ್ದರೆ?

ಉತ್ತರ: ಕರುಳು ಚೆನ್ನಾಗಿ ಶುಚಿಯಾಗಿದ್ದು, ದೊಡ್ಡ ಕರುಳಿನ ಆರಂಭವಾದ ಸೀಕಮ್‌ವರೆಗೆ ಪೂರ್ತಿ ನೋಡಿ ಏನೂ ಸಿಗದಿದ್ದರೆ, ಅದು ಕರುಳಿನ ಸಹಜ ಚಟುವಟಿಕೆಯಿಂದ ಕಂಡದ್ದೆಂದು ಬಹುಮಟ್ಟಿಗೆ ತಿಳಿಯಬಹುದು. ಪೆಟ್-ಸಿಟಿ ವರದಿಯನ್ನು ಕೊಲೊನೊಸ್ಕೋಪಿ ಮಾಡುವ ವೈದ್ಯರಿಗೆ ಮೊದಲೇ ತೋರಿಸಿ. ಯಾವ ಭಾಗವನ್ನು ನಿಧಾನವಾಗಿ ನೋಡಬೇಕೆಂಬುದು ಅವರಿಗೆ ತಿಳಿದಿರಬೇಕು. ಕರುಳು ಶುಚಿ ಮಾಡುವ ದಿನ ಊಟವಿಲ್ಲದೆ ಸಕ್ಕರೆ ಇಳಿಯಬಹುದಾದ್ದರಿಂದ, ಅಂದು ಯಾವ ಮಾತ್ರೆ ಬಿಡಬೇಕೆಂದು ಮುಂಚೆಯೇ ಕೇಳಿ ಬರೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.