ಸೇನಾ ನೆಲೆಯಲ್ಲಿ ‘ಚಾರ್ಲಿ’ ಭದ್ರತಾ ಮಟ್ಟ ಘೋಷಿಸಿದರೆ ಗುಂಡು ಹಾರಿಸುವ ನಿಯಮವೂ ಸಡಿಲವಾಗುತ್ತದೆಯೇ?

ಹೊಂಗೆನೆರಳು:

ಅಮೆರಿಕದ ಸೇನಾ ನೆಲೆಗಳ ಸುದ್ದಿಯಲ್ಲಿ ಎರಡು ಮಾತು ಯಾವಾಗಲೂ ಜೊತೆಯಾಗಿ ಬರುತ್ತವೆ. ‘ಭದ್ರತಾ ಮಟ್ಟವನ್ನು ಬ್ರಾವೊಗೆ ಏರಿಸಲಾಗಿದೆ’ ಅನ್ನುವುದು ಒಂದು, ‘ಗೇಟಿಗೆ ನುಗ್ಗಿದ ಕಾರಿನ ಮೇಲೆ ಪೊಲೀಸರು ಗುಂಡು ಹಾರಿಸಿದರು’ ಅನ್ನುವುದು ಇನ್ನೊಂದು. ಕೆಲವು ಬೇಲಿಗಳ ಮೇಲೆ ‘ಮಾರಕ ಬಲ ಬಳಸಲು ಅಧಿಕಾರವಿದೆ’ ಎಂಬ ಬೋರ್ಡೂ ಇರುತ್ತದೆ. ಇವನ್ನೆಲ್ಲ ಒಟ್ಟಿಗೆ ಓದಿದರೆ, ಮಟ್ಟ ಏರಿದಷ್ಟೂ ಕಾವಲುಗಾರನ ಬೆರಳು ಟ್ರಿಗರ್‌ಗೆ ಹತ್ತಿರವಾಗುತ್ತದೆ ಅನ್ನಿಸುತ್ತದೆ. ಅದು ನಿಜವೇ? ನಗರದ ಪೊಲೀಸರಿಗೂ ನೆಲೆಯ ಪೊಲೀಸರಿಗೂ ಕಾನೂನು ಬೇರೆ ಬೇರೆಯೇ? ಮೊದಲು ಗಾಳಿಯಲ್ಲಿ ಒಂದು ಗುಂಡು, ಆಮೇಲೆ ಟೈರಿಗೆ ಒಂದು ಗುಂಡು, ಯಾಕೆ ಹಾಗೆ ಮಾಡುವುದಿಲ್ಲ?

ತೂಗುತಕ್ಕಡಿ:

ನಿಜವಲ್ಲ. ಮಟ್ಟಕ್ಕೂ ಗುಂಡಿಗೂ ಕಾನೂನಿನಲ್ಲಿ ನಂಟೇ ಇಲ್ಲ. ಸುದ್ದಿ ಬರೆಯುವವರು ಒಂದೇ ಪ್ಯಾರಾದಲ್ಲಿ ಸೇರಿಸುವುದರಿಂದ ನಂಟಿದ್ದ ಹಾಗೆ ಕಾಣುತ್ತದೆ, ಅಷ್ಟೇ.

ಮಟ್ಟಗಳು ಐದು: ನಾರ್ಮಲ್, ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ. ಭಯೋತ್ಪಾದಕ ದಾಳಿಯ ಬೆದರಿಕೆ ಎಷ್ಟಿದೆ, ಅದಕ್ಕೆ ತಕ್ಕಂತೆ ನೆಲೆ ಏನೇನು ಮಾಡಬೇಕು ಅನ್ನುವ ಪಟ್ಟಿ ಅದು. ಬೆದರಿಕೆ ಹೆಚ್ಚಿದೆ ಅಥವಾ ಮೊದಲಿಗಿಂತ ಸ್ಪಷ್ಟವಾಗಿದೆ ಅಂದರೆ ಬ್ರಾವೊ. ಘಟನೆಯೊಂದು ನಡೆದಿದ್ದರೆ ಅಥವಾ ದಾಳಿ ಆಗುವ ಸಾಧ್ಯತೆ ಬಲವಾಗಿದೆ ಎಂಬ ಗುಪ್ತಚರ ಮಾಹಿತಿ ಬಂದಿದ್ದರೆ ಚಾರ್ಲಿ. ಆ ಜಾಗದಲ್ಲೇ ದಾಳಿ ಆಗಿದ್ದರೆ ಅಥವಾ ಇನ್ನೇನು ಆಗಲಿದೆ ಅಂತಿದ್ದರೆ ಡೆಲ್ಟಾ. ಮೇಲಿನ ಕಮಾಂಡ್ ಗೊತ್ತುಮಾಡಿದ ಮಟ್ಟಕ್ಕಿಂತ ಹೆಚ್ಚಿಸಲು ನೆಲೆಯ ಕಮಾಂಡರ್‌ಗೆ ಅಧಿಕಾರವಿದೆ, ತನ್ನಷ್ಟಕ್ಕೆ ತಾನೇ ಇಳಿಸಲು ಇಲ್ಲ. ಮೇ 2015ರಲ್ಲಿ ಅಮೆರಿಕದೊಳಗಿನ ನೆಲೆಗಳನ್ನೆಲ್ಲ ಒಮ್ಮೆಗೇ ಬ್ರಾವೊಗೆ ಏರಿಸಿದ್ದು ಹೀಗೆ ಮೇಲಿಂದ ಬಂದ ಆದೇಶದಿಂದ.

ಮಟ್ಟ ಏರಿದಾಗ ಬದಲಾಗುವುದು ಗೇಟಿನ ಕೆಲಸ. ಕಾರಿನಲ್ಲಿರುವ ಪ್ರತಿಯೊಬ್ಬರ ಗುರುತಿನ ಚೀಟಿ ನೋಡುತ್ತಾರೆ. ಚಾಲಕ ತನ್ನ ಕಾರ್ಡ್ ತೋರಿಸಿ ಜೊತೆಗಿದ್ದವರಿಗೂ ಹೊಣೆಯಾಗುವ ಸವಲತ್ತು ನಿಲ್ಲುತ್ತದೆ. ವಾಹನ ತಪಾಸಣೆ ಹೆಚ್ಚುತ್ತದೆ, ಸರಕಿನ ಲಾರಿಗಳನ್ನು ಬೇರೆ ಗೇಟಿಗೆ ಕಳಿಸುತ್ತಾರೆ, ಚಾರ್ಲಿ ಬಂದರೆ ಕೆಲವು ಗೇಟುಗಳನ್ನೇ ಮುಚ್ಚುತ್ತಾರೆ. ಇದರ ಜೊತೆಗೆ, ಯಾವ ಮಟ್ಟವಿದ್ದರೂ, ಹೊತ್ತು ಗೊತ್ತಿಲ್ಲದೆ ಬದಲಾಗುವ ತಪಾಸಣೆಗಳಿರುತ್ತವೆ. ನೆಲೆಯನ್ನು ಹೊರಗಿಂದ ಗಮನಿಸುವವನಿಗೆ ದಿನಚರಿ ಸಿಗಬಾರದು ಅನ್ನುವುದೇ ಅವುಗಳ ಉದ್ದೇಶ. ಚಾರ್ಲಿಯನ್ನು ತಿಂಗಳುಗಟ್ಟಲೆ ಎಳೆದರೆ ಮಾತ್ರ ಫಲ ಉಲ್ಟಾ: ಗೇಟಿನ ಸಾಲು ಹೆದ್ದಾರಿಯವರೆಗೂ ಬೆಳೆಯುತ್ತದೆ, ಆ ಸಾಲೇ ಸುಲಭದ ಗುರಿಯಾಗುತ್ತದೆ, ಪಾಳಿ ಮೇಲೆ ಪಾಳಿ ಮಾಡಿದ ಕಾವಲುಗಾರ ಕಾರ್ಡ್ ನೋಡಿದರೂ ಮುಖ ನೋಡುವುದಿಲ್ಲ.

ಗುಂಡಿನ ವಿಷಯಕ್ಕೆ ಬೇರೆಯೇ ದಾರಿ. 1985ರ ಟೆನೆಸ್ಸಿ ವರ್ಸಸ್ ಗಾರ್ನರ್ ತೀರ್ಪು ಅದರ ಬುನಾದಿ. ಮೆಂಫಿಸ್‌ನಲ್ಲಿ ಕಳ್ಳತನ ಮಾಡಿ ಬೇಲಿ ಹತ್ತುತ್ತಿದ್ದ, ಕೈಯಲ್ಲಿ ಆಯುಧವಿಲ್ಲದ 15ರ ಹುಡುಗನಿಗೆ ಪೊಲೀಸ್ ಗುಂಡು ಹೊಡೆದ ಪ್ರಕರಣ. ಓಡುತ್ತಿದ್ದಾನೆ ಅನ್ನುವುದೊಂದೇ ಸಾಲದು. ಅವನಿಂದ ಯಾರದಾದರೂ ಪ್ರಾಣಕ್ಕೆ ಅಥವಾ ಗಂಭೀರ ಗಾಯಕ್ಕೆ ದಾರಿಯಾಗುವ ದೊಡ್ಡ ಅಪಾಯವಿದೆ ಎಂದು ನಂಬಲು ಆಧಾರವಿರಬೇಕು, ಸಾಧ್ಯವಿದ್ದಲ್ಲಿ ಎಚ್ಚರಿಕೆ ಕೊಡಬೇಕು ಎಂದಿತು ಸುಪ್ರೀಂ ಕೋರ್ಟ್. 1989ರ ಗ್ರಹಾಂ ವರ್ಸಸ್ ಕಾನರ್ ಇನ್ನೊಂದು ಅಳತೆ ಕೊಟ್ಟಿತು: ಆ ಸ್ಥಳದಲ್ಲಿ, ಆ ಕ್ಷಣಕ್ಕೆ ಗೊತ್ತಿದ್ದಷ್ಟರ ಮೇಲೆ, ವಿವೇಕವುಳ್ಳ ಅಧಿಕಾರಿ ಹಾಗೆ ಮಾಡುತ್ತಿದ್ದನೇ? ಇದನ್ನು ಕೆಲವು ಕೋರ್ಟುಗಳು ತೀರಾ ಕಿರಿದು ಮಾಡಿ, ಗುಂಡು ಹಾರಿದ ಆ ಒಂದೆರಡು ಸೆಕೆಂಡು ಮಾತ್ರ ನೋಡುತ್ತಿದ್ದವು. ಮೇ 2025ರಲ್ಲಿ ಬಾರ್ನ್ಸ್ ವರ್ಸಸ್ ಫೆಲಿಕ್ಸ್ ತೀರ್ಪು ಅದು ತಪ್ಪು, ಹಿಂದಿನ ಸಂದರ್ಭವನ್ನೂ ಸೇರಿಸಿ ತೂಗಬೇಕು ಎಂದು ಹೇಳಿದೆ. ನನ್ನ ಲೆಕ್ಕದಲ್ಲಿ ಗೇಟು ಪ್ರಕರಣಗಳಿಗೆ ಇದು ದೊಡ್ಡ ಬದಲಾವಣೆ: ಕಾರಿನ ಮುಂದೆ ತಾನೇ ಹೋಗಿ ನಿಂತು ‘ನನ್ನ ಮೇಲೆ ಬಂತು’ ಎನ್ನುವ ವಾದ ಇನ್ನು ಮುಂದೆ ಸಲೀಸಲ್ಲ.

ನೆಲೆಯ ಕಾವಲುಗಾರರಿಗೆ ಇದರ ಮೇಲೆ ರಕ್ಷಣಾ ಇಲಾಖೆಯ 5210.56 ಸಂಖ್ಯೆಯ ನಿರ್ದೇಶನವೂ ಅನ್ವಯಿಸುತ್ತದೆ. ಅದರಲ್ಲಿ ಎಲ್ಲೂ ‘ಬ್ರಾವೊ ಇದ್ದರೆ ಹೀಗೆ, ಚಾರ್ಲಿ ಇದ್ದರೆ ಹಾಗೆ’ ಅಂತಿಲ್ಲ.

ಕಬ್ಬಿಣದಕದ:

ಟೈರಿನ ಪ್ರಶ್ನೆ ಹಿಡಿಯುತ್ತೇನೆ.

ಗಾಳಿಯಲ್ಲಿ ಹಾರಿಸಿದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಬಂದೇ ಬರುತ್ತದೆ. ಪಕ್ಕದ ಗೇಟಿನ ಸೆಂಟ್ರಿಗೆ ಅದು ಶತ್ರುವಿನ ಗುಂಡಿನಂತೆ ಕೇಳಿಸಿ ಅವನೂ ಶುರು ಮಾಡುತ್ತಾನೆ. ಅದಕ್ಕೇ ಅಮೆರಿಕದ ನೆಲದಲ್ಲಿ ಸೇನಾ ಕಾವಲಿಗೆ ಎಚ್ಚರಿಕೆಯ ಗುಂಡು ನಿಷಿದ್ಧ. ನೌಕಾಪಡೆಯ ಹಡಗುಗಳ ರಕ್ಷಣೆಗೆ ಮಾತ್ರ ವಿನಾಯಿತಿ. ನೀರಿನ ಮೇಲೆ ಗುಂಡು ಬಿದ್ದದ್ದು ದೋಣಿಯವನಿಗೆ ಕಾಣುತ್ತದೆ.

ಟೈರು ಚಿಕ್ಕ ಗುರಿ, ತಿರುಗುತ್ತಿರುತ್ತದೆ, ತಾಗಿದರೂ ಗಾಳಿ ಹೋಗಲು ಹೊತ್ತು ಹಿಡಿಯುತ್ತದೆ, ರಿಮ್ ಮೇಲೇ ಕಾರು ನೂರಾರು ಮೀಟರ್ ಓಡುತ್ತದೆ. ಚಾಲಕನಿಗೇ ತಾಗಿತು ಅನ್ನಿ, ಅವನ ಕಾಲು ಆಕ್ಸಿಲರೇಟರ್ ಮೇಲೆಯೇ ಉಳಿದರೆ ಹಿಡಿತವಿಲ್ಲದ ಒಂದೂವರೆ ಟನ್ ಲೋಹ ಜನರ ಮೇಲೆ ಹೋಗುತ್ತದೆ. ನ್ಯಾಯ ಇಲಾಖೆಯ 2022ರ ನೀತಿಯೂ ಇದೇ ಕಾರಣಕ್ಕೆ ಚಲಿಸುವ ವಾಹನವನ್ನು ನಿಲ್ಲಿಸುವುದಕ್ಕಾಗಿಯೇ ಗುಂಡು ಹಾರಿಸಬಾರದು ಅನ್ನುತ್ತದೆ. ಕಾಲಿಗೆ ಹೊಡೆಯುವುದೂ ಅಷ್ಟೇ: ತೊಡೆಯ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಸಾವು, ಹಾಗಾಗಿ ಕಾನೂನಿನ ಕಣ್ಣಿಗೆ ಅದೂ ಮಾರಕ ಬಲವೇ.

ಕಾರು ನಿಲ್ಲಿಸುವ ಕೆಲಸ ಬ್ಯಾರಿಯರ್‌ನದು. ರಸ್ತೆಯಿಂದ ಮೇಲೇಳುವ ಉಕ್ಕಿನ ತಟ್ಟೆ ಅಥವಾ ಅಡ್ಡ ಬಲೆ. ಎಂ50 ದರ್ಜೆ ಅಂದರೆ 6,800 ಕೆಜಿ ಲಾರಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದು ಗುದ್ದಿದ ಪರೀಕ್ಷೆ ಪಾಸಾಗಿದೆ ಎಂದು. ಜೊತೆಗೆ ಪಿ1 ಅಂತಿದ್ದರೆ ಲಾರಿ 1 ಮೀಟರ್‌ಗಿಂತ ಹೆಚ್ಚು ಒಳಗೆ ಬರಲಿಲ್ಲ ಎಂದು.

ಈಗ ದೂರದ ಲೆಕ್ಕ. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಸೆಂಟ್ರಿಗೆ ಅರಿವಾಗಿ ಬಟನ್ ಒತ್ತಲು 2 ಸೆಕೆಂಡು, ಮುಂದೆ ಹೋಗುತ್ತಿರುವ ಅಮಾಯಕರು ದಾಟಲಿ ಎಂದು ಕೆಂಪು ದೀಪಕ್ಕೆ 4 ಸೆಕೆಂಡು, ತಟ್ಟೆ ಏಳಲು 2 ಸೆಕೆಂಡು ಅಂತಿಟ್ಟುಕೊಳ್ಳಿ. ಒಟ್ಟು 8 ಸೆಕೆಂಡು, ಹತ್ತಿರ ಹತ್ತಿರ 176 ಮೀಟರ್. ಕಾವಲು ಗೂಡಿನಿಂದ ಬ್ಯಾರಿಯರ್ ಅಷ್ಟು ಒಳಗಿರಬೇಕು. ಜಾಗವಿಲ್ಲದಿದ್ದರೆ ರಸ್ತೆಗೆ ಕಾಂಕ್ರೀಟ್ ತಡೆಗಳಿಟ್ಟು ಅಂಕುಡೊಂಕು ಮಾಡಿ ವೇಗವನ್ನು 40ಕ್ಕೆ ಇಳಿಸಿ, ಆಗ 90 ಮೀಟರ್ ಸಾಕು. ಹಳೇ ಗೇಟುಗಳಲ್ಲಿ ಎಡವಟ್ಟಾಗುವುದು ಇಲ್ಲೇ: ಬ್ಯಾರಿಯರ್ ಗೂಡಿನ ಪಕ್ಕದಲ್ಲೇ ಇರುತ್ತದೆ, ತಟ್ಟೆ ಏಳುವಷ್ಟರಲ್ಲಿ ಕಾರು ದಾಟಿರುತ್ತದೆ, ಆಮೇಲೆ ಉಳಿಯುವುದು ಬಂದೂಕು ಮಾತ್ರ. ತಟ್ಟೆ ಕೂರುವ ಗುಂಡಿಯ ಚರಂಡಿ ಕಟ್ಟಿಕೊಂಡು ನೀರು ನಿಂತರೆ ಅದನ್ನೆತ್ತುವ ಹೈಡ್ರಾಲಿಕ್ ಯಂತ್ರ ಕೈಕೊಡುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾದರೆ ಏಳುವುದು ನಿಧಾನವಾಗುತ್ತದೆ. ಇನ್ನೊಂದು ತೊಂದರೆ ಮನುಷ್ಯನದು: ಸಾಮಾನ್ಯರ ಕಾರಿನಡಿ ತಟ್ಟೆ ಎದ್ದರೆ ತನ್ನ ತಲೆಗೆ ಬರುತ್ತದೆಂದು ಸೆಂಟ್ರಿ ಬಟನ್ ಒತ್ತಲು ಹಿಂದೇಟು ಹಾಕುತ್ತಾನೆ. ಬಟನ್ ಒತ್ತುವ ಅಭ್ಯಾಸ ಪಾಳಿಯ ದಿನಚರಿಯಲ್ಲಿ ಇಲ್ಲದಿದ್ದರೆ ಎಂ50 ಇದ್ದೂ ಪ್ರಯೋಜನವಿಲ್ಲ.

ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ನೌಕಾ ವಾಯುನೆಲೆಯಲ್ಲಿ ಮೇ 21, 2020ರಂದು ಇದು ಸರಿಯಾಗಿ ನಡೆಯಿತು. ಬಂದವನು ಗೇಟಿನ ಸೆಂಟ್ರಿಗೆ ಗುಂಡು ಹೊಡೆದ. ಗುಂಡುನಿರೋಧಕ ಕವಚ ತೊಟ್ಟಿದ್ದ ಆಕೆ ಬಟನ್ ಒತ್ತಿ ಬ್ಯಾರಿಯರ್ ಎಬ್ಬಿಸಿದರು. ದಾಳಿಕೋರ ಅಲ್ಲೇ ಸಿಕ್ಕಿಬಿದ್ದು, ಕಾವಲು ಪಡೆಯ ಗುಂಡಿಗೆ ಸತ್ತ.

ಹೊಂಗೆನೆರಳು:

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ದಾರಿ ತಪ್ಪಿ ಬಂದವನು ಗಾಬರಿಯಲ್ಲಿ ಗೇಟು ದಾಟಿಬಿಟ್ಟರೆ ಅಷ್ಟಕ್ಕೇ ಹೊಡೆಯುವಂತಿಲ್ಲ, ಅಲ್ಲವೇ? ಮತ್ತೆ ಆ ಬೋರ್ಡು ಯಾಕೆ?

ತೂಗುತಕ್ಕಡಿ:

ಹೊಡೆಯುವಂತಿಲ್ಲ. ಅಪ್ಪಣೆಯಿಲ್ಲದೆ, ನಿಷೇಧಿತ ಉದ್ದೇಶಕ್ಕೆ ನೆಲೆ ಹೊಕ್ಕರೆ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಜೈಲು. ಆ ಅಪರಾಧ ತಡೆಯಲು ಪ್ರಾಣ ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೇ ಕಾರು ಯಾರ ಮೇಲಾದರೂ ನುಗ್ಗಿದರೆ ಲೆಕ್ಕ ತಕ್ಷಣ ಬದಲಾಗುತ್ತದೆ. ಮಾರ್ಚ್ 30, 2015ರಂದು ಫೋರ್ಟ್ ಮೀಡ್ ನೆಲೆಯ ಎನ್‌ಎಸ್‌ಎ (ರಾಷ್ಟ್ರೀಯ ಭದ್ರತಾ ಸಂಸ್ಥೆ) ಗೇಟಿನಲ್ಲಿ ಆದದ್ದು ಅದು: ಹೊರಹೋಗಿ ಅಂದದ್ದನ್ನು ಕೇಳದ ಕಾರು, ದಾರಿಗೆ ಅಡ್ಡ ನಿಂತ ಪೊಲೀಸ್ ವಾಹನದತ್ತ ವೇಗ ಹೆಚ್ಚಿಸಿತು, ಗುಂಡು ಹಾರಿತು, ಕಾರಿನಲ್ಲಿದ್ದ ಇಬ್ಬರಲ್ಲಿ ಒಬ್ಬರು ಸತ್ತರು.

ಬೋರ್ಡು ಬರೀ ತಿಳಿವಳಿಕೆ, ಅಧಿಕಾರ ಅದರಿಂದ ಹುಟ್ಟುವುದಿಲ್ಲ. ಆದರೂ ಅದರ ಹಿಂದೆ ಒಂದು ನಿಜವಾದ ವ್ಯತ್ಯಾಸವಿದೆ. ಅಣ್ವಸ್ತ್ರದಂಥ, ರಾಷ್ಟ್ರದ ಭದ್ರತೆಗೆ ಜೀವಾಳ ಎಂದು ಗುರುತಿಸಿದ ಸ್ವತ್ತಿನ ಕಳವು ಅಥವಾ ವಿಧ್ವಂಸ ತಡೆಯಲು, ಎದುರಿಗೆ ಯಾವ ವ್ಯಕ್ತಿಯ ಪ್ರಾಣಕ್ಕೂ ಆ ಕ್ಷಣದಲ್ಲಿ ಅಪಾಯವಿಲ್ಲದಿದ್ದರೂ ಮಾರಕ ಬಲ ಬಳಸಲು ಆ 5210.56 ನಿರ್ದೇಶನ ಅವಕಾಶ ಕೊಡುತ್ತದೆ. ನಗರದ ಪೊಲೀಸನಿಗೆ ಹೀಗೊಂದು ಬಾಬತ್ತೇ ಇಲ್ಲ. ಈ ಅವಕಾಶ ಇರುವುದು ಒಳಗಿನ ನಿರ್ಬಂಧಿತ ಜಾಗಗಳಿಗೆ, ಕ್ಯಾಂಟೀನಿಗೆ ಹೋಗುವ ಮುಖ್ಯ ಗೇಟಿಗಲ್ಲ. ಅದೂ ಮಟ್ಟಕ್ಕೆ ಅಂಟಿದ್ದಲ್ಲ, ಸ್ವತ್ತಿಗೆ ಅಂಟಿದ್ದು. ನಾರ್ಮಲ್ ದಿನದಲ್ಲೂ ಅಷ್ಟೇ.

ಗಡಿಕಲ್ಲು:

ಯಾರ ಕಾನೂನು ಅನ್ನುವ ಪ್ರಶ್ನೆ ಉಳಿದಿದೆ. ಅದು ನೆಲದ ಮೇಲೆ ನಿಂತಿದೆ. ಕೆಲವು ನೆಲೆಗಳ ಮೇಲೆ ಪೂರ್ತಿ ಅಧಿಕಾರ ಕೇಂದ್ರದ್ದು. ಕೆಲವು ಕಡೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ. ಇನ್ನು ಕೆಲವು ಕಡೆ ಕೇಂದ್ರ ಬರೀ ಜಮೀನಿನ ಒಡೆಯ, ಅಪರಾಧ ಕಾನೂನು ಬಹುಪಾಲು ರಾಜ್ಯದ್ದೇ. ಒಂದೇ ನೆಲೆಯೊಳಗೂ ಬೇರೆ ಬೇರೆ ತುಂಡುಗಳು ಬೇರೆ ಬೇರೆ ಬಗೆಯಾಗಿರಬಹುದು, ಯಾಕೆಂದರೆ ಜಮೀನು ಬೇರೆ ಬೇರೆ ಕಾಲದಲ್ಲಿ ಕೊಂಡದ್ದು. ಕೇಂದ್ರದ ಕಾನೂನಿನಲ್ಲಿ ಇಲ್ಲದ ಅಪರಾಧಕ್ಕೆ ಸುತ್ತಲಿನ ರಾಜ್ಯದ ಕಾನೂನನ್ನೇ ಎರವಲು ತರುವ ಕಾಯ್ದೆಯೂ ಇದೆ.

ಸೈನಿಕರು ನಾಗರಿಕರ ಮೇಲೆ ಪೊಲೀಸ್‌ಗಿರಿ ಮಾಡಬಾರದೆಂಬ 1878ರ ಪಾಸಿ ಕೊಮಿಟೇಟಸ್ ಕಾಯ್ದೆ ಗೇಟಿನೊಳಗೆ ತೊಡಕಾಗುವುದಿಲ್ಲ. ತನ್ನ ನೆಲೆ ಕಾಯುವುದು ಸೇನೆಯದೇ ಕೆಲಸ. ಗೇಟಿನಾಚೆಯ ರಸ್ತೆಯಲ್ಲಿ ಕಾರನ್ನು ಬೆನ್ನಟ್ಟುವುದು ಮಾತ್ರ ಸ್ಥಳೀಯ ಪೊಲೀಸರ ಪಾಲು. ನೆಲೆಯ ಹೊರಗಿನ ಸೇನಾ ಕಚೇರಿಗಳ ಗತಿ ಇನ್ನೂ ಬೇರೆ. ಜುಲೈ 2015ರಲ್ಲಿ ಟೆನೆಸ್ಸಿಯ ಚಟ್ಟನೂಗ ನಗರದಲ್ಲಿ ನಡೆದ ಗುಂಡಿನ ದಾಳಿ ಶುರುವಾದದ್ದು ಅಂಗಡಿ ಸಾಲಿನ ನೇಮಕಾತಿ ಕಚೇರಿಯಲ್ಲಿ. ಆಗ ದೇಶವೆಲ್ಲ ಬ್ರಾವೊದಲ್ಲೇ ಇತ್ತು, ಆದರೆ ಆ ಕಚೇರಿಗೆ ಗೇಟೂ ಇಲ್ಲ, ಸೆಂಟ್ರಿಯೂ ಇಲ್ಲ. ಕೊನೆಗೆ ದಾಳಿಕೋರನನ್ನು ಹೊಡೆದದ್ದು ನಗರ ಪೊಲೀಸರು. ಕಮಾಂಡರ್‌ಗಳು ಯಾರ್ಯಾರಿಗೆ ಆಯುಧ ಕೊಡಬಹುದು ಎಂಬುದನ್ನು 2016ರಲ್ಲಿ ಅದೇ 5210.56ರ ಹೊಸ ರೂಪದಲ್ಲಿ ಸೇರಿಸಿದರು.

ಗುಂಡು ಹಾರಿದ ಮೇಲೆ ತನಿಖೆ ಯಾರದ್ದೆಂಬ ಜಗಳ ಬಾರದಿರಲು ನೆಲೆ, ಎಫ್‌ಬಿಐ, ಜಿಲ್ಲಾ ಶೆರಿಫ್ ಮೊದಲೇ ಲಿಖಿತ ಒಪ್ಪಂದ ಮಾಡಿಕೊಂಡಿರಬೇಕು. ಅದಕ್ಕೆ ಅಳತೆ ಮಾಡಿದ ನಕ್ಷೆ ಲಗತ್ತಿಸದಿದ್ದರೆ ಒಪ್ಪಂದ ಅರ್ಧಕ್ಕರ್ಧ ವ್ಯರ್ಥ: ಕಾನೂನಿನ ಗಡಿ ಬಹಳ ಕಡೆ ಕಾವಲು ಗೂಡಿನ ಹತ್ತಿರ ಇರುವುದಿಲ್ಲ, ಅದಕ್ಕೆ ಎಷ್ಟೋ ಮೀಟರ್ ಮೊದಲೇ ರಸ್ತೆಯ ನಡುವೆ ಹಾದುಹೋಗಿರುತ್ತದೆ.