ಉಡುಪಿ ಮಳೆಗಾಲ: ಚೆಂದದ ಚಿತ್ರದ ಮೂಲೆ ಇದೆ, ಆದರೆ ಬಣ್ಣವೂ ಕಾಗದವೂ ಕೈಕೊಡುತ್ತಿವೆ

ಕುಂಚಪ್ರಿಯೆ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆಯ 10x10 ಅಡಿ ಕೋಣೆಯಲ್ಲಿ ಜಲವರ್ಣಕ್ಕೆಂದು ಒಂದು ಮೂಲೆ ಮಾಡಿಕೊಂಡಿದ್ದೇನೆ. ಪಶ್ಚಿಮದ ಗೋಡೆಗೆ ತಾಗಿ ಮೇಜು, ಅದರ ಮೇಲೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಗ್‌ಬೋರ್ಡ್, ಅಂದರೆ ಕೊಕ್ಕೆ ಸಿಕ್ಕಿಸುವ ತೂತುಗಳ ಹಲಗೆ, ಬಿದಿರಿನ ಚಾಪೆಯಲ್ಲಿ ಸುತ್ತಿಟ್ಟ ಕುಂಚಗಳು, ಹಳದಿ ಬೆಳಕಿನ ದೀಪ. ನೋಡಲು ತುಂಬಾ ಚೆಂದ. ಆದರೆ ಕೆಲಸಕ್ಕೆ ಕೂತರೆ ತೊಂದರೆ.

ರಾತ್ರಿ ಹಚ್ಚಿದ ಹಸಿರು ಬೆಳಿಗ್ಗೆ ನೋಡಿದರೆ ನೀಲಿ ಜಾಸ್ತಿಯಾದ ಹಾಗೆ ಕಾಣುತ್ತದೆ. ಹಗಲಲ್ಲಿ ಚಿತ್ರದ ಮೇಲೆ ನನ್ನ ಕೈಯದ್ದೇ ನೆರಳು. ಮಳೆ ಶುರುವಾದ ಮೇಲೆ ಇನ್ನೊಂದು ಕಾಟ: 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ಹತ್ತಿ ಕಾಗದದಲ್ಲಿ ಬಣ್ಣ ಹಚ್ಚಿದಲ್ಲೆಲ್ಲ ಗಾಢ ಚುಕ್ಕೆಗಳು ಏಳುತ್ತಿವೆ. ಹೊಸ ಕಪಾಟು ತಗೊಂಡರೆ ಸರಿಹೋಗುತ್ತಾ?

ಕರಾವಳಿಬಣ್ಣ:
ಈಗಲೇ ಏನೂ ಕೊಳ್ಳಬೇಡಿ. ಕಿಟಕಿ ಯಾವ ದಿಕ್ಕಿಗಿದೆ? ನೀವು ಬಲಗೈಯವರಾ? ಬಲ್ಬಿನ ಡಬ್ಬಿಯ ಮೇಲೆ ಎಷ್ಟು ಕೆಲ್ವಿನ್ (ಬೆಳಕು ಹಳದಿಯೋ ಬಿಳಿಯೋ ಅನ್ನುವ ಅಳತೆ) ಅಂತ ಬರೆದಿದೆ?

ಕುಂಚಪ್ರಿಯೆ:
ಕಿಟಕಿ ಉತ್ತರಕ್ಕೆ. ಬಲಗೈ. 2700 ಕೆ. ಎದುರಿನ ಪೂರ್ವ ಗೋಡೆಯ ಹತ್ತಿರ ಮಂಚ ಇದೆ.

ಕರಾವಳಿಬಣ್ಣ:
ಹಾಗಾದರೆ ಮಂಚ, ಮೇಜು ಎರಡನ್ನೂ ಅದಲುಬದಲು ಮಾಡಿ. ಈಗ ನೀವು ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತೀರಿ, ಕಿಟಕಿ ಬಲಕ್ಕೆ ಬರುತ್ತದೆ, ಕೈಯ ನೆರಳು ಚಿತ್ರದ ಮೇಲೆ ಬೀಳುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ ಅದೇ ಕಿಟಕಿ ಎಡಕ್ಕೆ. ಜೊತೆಗೆ ನಮ್ಮ ಕಡೆ ಮಳೆಗಾಳಿ ಬಡಿಯುವುದೇ ಪಶ್ಚಿಮದ ಗೋಡೆಗೆ. ತೇವ ಹೆಚ್ಚು ಹೀರುವ ಗೋಡೆಗೇ ಕಾಗದ ತಾಗಿಸಿಟ್ಟ ಹಾಗಾಗಿದೆ. ಮಂಚವನ್ನೂ ಆ ಗೋಡೆಯಿಂದ ನಾಲ್ಕು ಇಂಚು ಬಿಟ್ಟೇ ಹಾಕಿ.

ಹಳದಿ ಬೆಳಕಲ್ಲಿ ನೀಲಿ ಮಂಕಾಗಿ ಕಾಣುತ್ತದೆ. ಸಾಲದು ಅನ್ನಿಸಿ ಇನ್ನಷ್ಟು ಸೇರಿಸುತ್ತೇವೆ, ಹಗಲಲ್ಲಿ ಅದು ಎದ್ದು ಕಾಣುತ್ತದೆ. 5000 ಕೆ ಆಸುಪಾಸಿನ ಬಲ್ಬ್ ಹಾಕಿ. ಅದಕ್ಕಿಂತ ಮುಖ್ಯ, ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿರಲಿ. ಬರೀ ಬಿಳಿ ಬೆಳಕು ಅಂದರೆ ಸಾಲದು. ಸಿಆರ್‌ಐ ಕಡಿಮೆ ಇದ್ದರೆ ಕೆಂಪು ಬಣ್ಣಗಳು ಸಪ್ಪೆಯಾಗುತ್ತವೆ. ಹಳದಿ ದೀಪ ಇಷ್ಟವಾದರೆ ಮಂಚದ ಹತ್ತಿರ ಇರಲಿ, ಕೋಣೆಯ ಅಂದ ಕೆಡುವುದಿಲ್ಲ.

ಇನ್ನು ಚುಕ್ಕೆ. ನೀರು ಒಮ್ಮೆಲೇ ಇಂಗದಿರಲಿ ಅಂತ ಇಂಥ ಕಾಗದಕ್ಕೆ ಸಾಮಾನ್ಯವಾಗಿ ಜೆಲಾಟಿನ್‌ನಂಥ ಅಂಟು ಹಾಕಿರುತ್ತಾರೆ. ತೇವ ಇದ್ದಲ್ಲಿ ಬೂಷ್ಟು ಅದನ್ನು ತಿನ್ನುತ್ತದೆ. ಅಂಟು ಹೋದ ಜಾಗದಲ್ಲಿ ಬಣ್ಣ ಪಟಕ್ಕನೆ ಒಳಗಿಳಿದು ಚುಕ್ಕೆಯಾಗುತ್ತದೆ. ಆ ಹಾಳೆಗಳನ್ನು ಗೌಶ್ (ಕೆಳಗಿನದು ಕಾಣದಂಥ ದಪ್ಪ ಜಲವರ್ಣ) ಅಭ್ಯಾಸಕ್ಕೆ ಬಳಸಿ, ಒಳ್ಳೆಯ ಹಾಳೆಗಳ ಜೊತೆ ಮಾತ್ರ ಇಡಬೇಡಿ.

ಕಪಾಟಿನ ಬದಲು ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಸಾಕು. 22x30 ಇಂಚಿನ ಪೂರ್ತಿ ಹಾಳೆಯನ್ನು ಅರ್ಧ ಮಾಡಿದರೆ 15x22 ಆಗುತ್ತದೆ, ಮಂಚದಡಿ ಸುಲಭವಾಗಿ ಕೂರುತ್ತದೆ. ಒಳಗೆ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹರಳು ಹಾಕಿ. ಅದು ಹಸಿರಾದರೆ ತೇವ ತುಂಬಿದೆ ಅಂತ. ಮಳೆಗಾಲದಲ್ಲಿ ಬಿಸಿಲಿಗೆ ಕಾಯಬೇಡಿ. 120 ಡಿಗ್ರಿಯ ಒವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು.

ಮರಗೆಲಸ:
ಎಂಡಿಎಫ್ ತೇವಕ್ಕೆ ಉಬ್ಬುತ್ತದೆ. ಪೂರ್ವ ಗೋಡೆಗೆ ಹಾಕುವಾಗ ಹಿಂದೆ ರೀಪರ್ (ತೆಳು ಮರದ) ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಡಿ, ಕೊಕ್ಕೆಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಒದ್ದೆ ಕುಂಚವನ್ನು ಬಿದಿರಿನ ಚಾಪೆಯಲ್ಲಿ ಸುತ್ತಬೇಡಿ. ಮೊದಲು ಮಲಗಿಸಿ ಒಣಗಿಸಿ.

ಕುಂಚಪ್ರಿಯೆ:
ಮೇಜು ಬದಲಾಯಿಸಿದೆ, ನೆರಳು ಹೋಯಿತು! ಡಬ್ಬ, ಬಲ್ಬ್ ಈ ವಾರ ತರುತ್ತೇನೆ. ಇನ್ನೊಂದು ಪ್ರಶ್ನೆ. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ ಅಂತಾರಲ್ವಾ? ಮೇ ತಿಂಗಳಲ್ಲಿ ನೇರವಾಗಿ ಒಳಗೆ ಬಿದ್ದಿತ್ತು.

ಕರಾವಳಿಬಣ್ಣ:
ಆ ಮಾತು ಯುರೋಪಿನ ಚಿತ್ರಶಾಲೆಗಳಿಗೆ ಸರಿ. ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲೂ ಆ ಕಡೆಯಿಂದಲೇ. ಮಳೆಗಾಲದಲ್ಲಿ ಮೋಡ ಇರುವುದರಿಂದ ಗೊತ್ತಾಗುವುದಿಲ್ಲ. ಮೇನಲ್ಲಿ ಮಾತ್ರ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಬಣ್ಣದ ಪರದೆ ಬೇಡ, ಅದರ ಛಾಯೆ ಕಾಗದದ ಮೇಲೆ ಬೀಳುತ್ತದೆ.